‘ಅತಿಕ್ರಮ ಪ್ರವೇಶ ನಿಷೇಧಿಸಿದೆ’: ಆ ಬೋರ್ಡು ದಾಟಿದರೆ ಕಾನೂನು ಏನು ಮಾಡುತ್ತದೆ?

ಮಳೆಗಾಲದಲ್ಲಿ ತುಂಗಭದ್ರೆ ತುಂಬಿ ಹರಿಯುವಾಗ ನಮ್ಮ ಓಣಿಯ ಮೂವರು ಹುಡುಗರು ರೀಲ್ಸ್ ಮಾಡಲು ಹೋಗಿದ್ದರು. ಕೊಪ್ಪಳ ಜಿಲ್ಲೆಯೊಳಗೇ, ನದಿ ದಂಡೆಯಲ್ಲಿ ಒಂದು ಸರ್ಕಾರಿ ಪಂಪ್‌ಹೌಸ್. ಸುತ್ತ ತಂತಿಬೇಲಿ, ಬೇಲಿಗೆ ತುಕ್ಕು ಹಿಡಿದ ಬೋರ್ಡು: ‘ಅತಿಕ್ರಮ ಪ್ರವೇಶ ನಿಷೇಧಿಸಿದೆ’. ಒಂದು ಕಡೆ ತಂತಿ ಬಾಗಿತ್ತು. ನುಸುಳಿದರು. ಸ್ವಲ್ಪ ಹೊತ್ತಿಗೆ ಕಾವಲುಗಾರ ಬಂದ, ಆಮೇಲೆ ಪೊಲೀಸರು ಬಂದರು. ಸಂಜೆಗೆ ಮೂವರ ಅಪ್ಪಂದಿರೂ ಠಾಣೆ ಮುಂದೆ ನಿಂತಿದ್ದರು.

ಅವತ್ತು ರಾತ್ರಿ ಮಿರ್ಚಿ ಅಂಗಡಿಯಲ್ಲಿ ಇದೇ ಮಾತು. ‘ಏಳು ವರ್ಷ ಒಳಗ ಹಾಕ್ತಾರ, ನೋಡ್ತಿರ್ರಿ’ ಅಂದ ಒಬ್ಬ. ‘ಏ ಸುಮ್ನಿರೋ, ಐನೂರು ರೂಪಾಯಿ ದಂಡ ಕಟ್ಟಿದ್ರ ಮುಗೀತು’ ಅಂದ ಇನ್ನೊಬ್ಬ. ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಬೇರೆಯೇ ಪ್ರಶ್ನೆ ಎತ್ತಿದರು: ‘ಸರ್ಕಾರದ ಜಾಗ ಅಂದ್ರ ನಮ್ಮ ಜಾಗ ಅಲ್ಲೇನ್ರಿ? ನಮ್ಮ ಜಾಗಕ್ಕ ನಾವು ಹೋದ್ರ ತಪ್ಪೇನೈತಿ?’

ಏಳು ವರ್ಷ, ಐನೂರು ರೂಪಾಯಿ ಎರಡೂ ಕಾನೂನಿನಲ್ಲಿ ಎಲ್ಲೋ ಇದ್ದ ಅಂಕಿಗಳೇ. ಒಂದು ಬೇರೆ ಅಪರಾಧದ್ದು, ಇನ್ನೊಂದು ಹಳೇ ಪುಸ್ತಕದ್ದು. ಗೊಂದಲಕ್ಕೆ ಕಾರಣವೂ ಇದೆ. ‘ಸರ್ಕಾರಿ ಜಾಗಕ್ಕೆ ನುಗ್ಗಿದರೆ ಇಷ್ಟು ಶಿಕ್ಷೆ’ ಎಂದು ಹೇಳುವ ಒಂದೇ ಕಾನೂನು ನಮ್ಮಲ್ಲಿ ಇಲ್ಲ. ಬೇಲಿ ಯಾರದ್ದು, ಯಾಕೆ ದಾಟಿದಿರಿ, ದಾಟಿದ ಮೇಲೆ ಏನು ಮಾಡಿದಿರಿ ಎಂಬುದನ್ನು ನೋಡಿ ಲೆಕ್ಕ ಬದಲಾಗುತ್ತದೆ.

ಸರ್ಕಾರದ ಜಾಗ ನಮ್ಮದೇ ಅಲ್ವಾ?

ಹಿರಿಯರ ಪ್ರಶ್ನೆಯಿಂದಲೇ ಶುರು ಮಾಡೋಣ. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸು ಸರ್ಕಾರದ್ದು, ಅಂದರೆ ಜನರದ್ದು. ಹಾಗಂತ ಡ್ರೈವರ್ ಚಹಾ ಕುಡಿಯಲು ಇಳಿದಾಗ ನಾವು ಹೋಗಿ ಸ್ಟೇರಿಂಗ್ ಹಿಡಿದು ಕೂರುವ ಹಾಗಿಲ್ಲ. ಬಸ್ಸಿನಲ್ಲಿ ನಮ್ಮ ಹಕ್ಕು ಪ್ರಯಾಣಿಕರ ಸೀಟಿನ ತನಕ.

ಕಾನೂನು ಇದನ್ನು ‘ಸ್ವಾಧೀನ’ ಎಂಬ ಮಾತಿನಲ್ಲಿ ಹೇಳುತ್ತದೆ. ಅತಿಕ್ರಮದ ಪ್ರಶ್ನೆ ಬಂದಾಗ ಆಸ್ತಿಯ ಒಡೆಯ ಯಾರು ಎನ್ನುವುದಕ್ಕಿಂತ, ಈಗ ಅದು ಯಾರ ಕೈಯಲ್ಲಿದೆ ಎನ್ನುವುದು ಮುಖ್ಯ. ಪಂಪ್‌ಹೌಸ್ ಇಲಾಖೆಯ ಕೈಯಲ್ಲಿದೆ. ಹೊಲ ಗೇಣಿಗೆ ಕೊಟ್ಟ ಮೇಲೆ ಪಹಣಿಯಲ್ಲಿ ನಿಮ್ಮ ಹೆಸರಿದ್ದರೂ ಬೆಳೆ ನಿಂತಾಗ ನೀವೇ ಹೋಗಿ ಟ್ರ್ಯಾಕ್ಟರ್ ಓಡಿಸುವುದಿಲ್ಲ ಅಲ್ವಾ? ಸುಮಾರು ಹಾಗೇ ಇದು.

ಅನುಮತಿ ಎಲ್ಲ ಸಲವೂ ಕಾಗದದ ಮೇಲೆ ಇರಬೇಕಿಲ್ಲ. ತಹಶೀಲ್ದಾರ್ ಕಚೇರಿಯ ಕೌಂಟರಿಗೆ ಹೋಗಲು ಯಾರ ಪಾಸೂ ಬೇಡ. ಜನ ಬರಲಿ ಎಂದೇ ಆ ಬಾಗಿಲು ತೆರೆದಿದೆ. ಆದರೆ ಆ ಅನುಮತಿ ಕಚೇರಿ ಸಮಯಕ್ಕೆ, ಕೌಂಟರಿನ ಈಚೆಗೆ. ಅದೇ ಕಟ್ಟಡದ ರೆಕಾರ್ಡ್ ರೂಮು ಬೇರೆ ಮಾತು.

ಟಿ.ಬಿ. ಡ್ಯಾಂ, ಅಂದರೆ ತುಂಗಭದ್ರಾ ಅಣೆಕಟ್ಟು ನೋಡಿ. ಕೆಳಗಿನ ಉದ್ಯಾನಕ್ಕೆ ಜಾತ್ರೆಯ ಹಾಗೆ ಜನ ಬರುತ್ತಾರೆ. 33 ಕ್ರಸ್ಟ್‌ಗೇಟುಗಳನ್ನು ಎತ್ತಿ ಇಳಿಸುವ ಯಂತ್ರಗಳ ಹತ್ತಿರ ಯಾರನ್ನೂ ಬಿಡುವುದಿಲ್ಲ. ಯಾಕೆ ಎಂದು ಈ ಭಾಗದವರಿಗೆ ವಿವರಿಸಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ, ಗೇಟೇ ಕೊಚ್ಚಿಹೋಯಿತು. ಮುನಿರಾಬಾದಿನಿಂದ ರಾಯಚೂರಿನ ಕೊನೆ ಭಾಗದ ಕಾಲುವೆವರೆಗೆ ರೈತರು ನಿದ್ದೆ ಬಿಟ್ಟ ದಿನಗಳವು. ಒಂದು ಚೈನಿನ ಮೇಲೆ ಇಷ್ಟು ಜನರ ಬದುಕು ನಿಂತಿರುವಾಗ, ಅದರ ಪಕ್ಕದಲ್ಲಿ ಯಾರು ನಿಲ್ಲಬೇಕು ಎಂಬುದಕ್ಕೆ ಗೆರೆ ಬೇಕೇ ಬೇಕು.

ಮೂಲ ಕಾನೂನು: ಕಾಲಿಗಿಂತ ಮನಸ್ಸು ಮುಖ್ಯ

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ, ಅಂದರೆ ಐಪಿಸಿ ಹೋಗಿ, ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 329ನೇ ಸೆಕ್ಷನ್ ಅತಿಕ್ರಮದ ಬಗ್ಗೆ. ಖಾಸಗಿ ಮನೆಗೂ ಇದೇ, ಸರ್ಕಾರಿ ಜಾಗಕ್ಕೂ ಇದೇ.

ಇನ್ನೊಬ್ಬರ ಸ್ವಾಧೀನದ ಜಾಗಕ್ಕೆ ಅಪರಾಧ ಮಾಡುವ ಉದ್ದೇಶದಿಂದಲೋ, ಅಲ್ಲಿರುವವರನ್ನು ಹೆದರಿಸಲು, ಅವಮಾನಿಸಲು ಅಥವಾ ಕಾಡಲೆಂದೋ ಹೋದರೆ ಅದು ಕ್ರಿಮಿನಲ್ ಅತಿಕ್ರಮ. ಸರಿಯಾಗಿಯೇ ಒಳಗೆ ಹೋಗಿ, ಆಮೇಲೆ ಅದೇ ಕೆಟ್ಟ ಉದ್ದೇಶಕ್ಕೆ ಹೊರಬರದೆ ನಿಂತರೂ ಅದು ಅತಿಕ್ರಮವೇ. ಶಿಕ್ಷೆ 3 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಐಪಿಸಿಯ 447ನೇ ಸೆಕ್ಷನ್‌ನಲ್ಲಿ ದಂಡದ ಮಿತಿ 500 ಇತ್ತು. ಮಿರ್ಚಿ ಅಂಗಡಿಯ ‘ಐನೂರು’ ಬಂದಿದ್ದು ಅಲ್ಲಿಂದ.

ಇಲ್ಲಿ ಎಲ್ಲಕ್ಕಿಂತ ತೂಕದ ಮಾತು ‘ಉದ್ದೇಶ’. ಬೇಲಿ ದಾಟಿದ್ದು ನಿಜ ಎಂದು ಸಾಬೀತಾದರೆ ಸಾಲದು. ಯಾಕೆ ದಾಟಿದ ಎಂಬುದೂ ಸಾಬೀತಾಗಬೇಕು. 1960ರ ದಶಕದಲ್ಲಿ ಸುಪ್ರೀಂ ಕೋರ್ಟ್, ಪಂಜಾಬಿನಿಂದ ಬಂದ ಮಾತ್ರಿ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ನಾನು ಒಳಗೆ ಹೋದರೆ ಅವರಿಗೆ ಕಿರಿಕಿರಿ ಆಗಬಹುದು ಎಂದು ಗೊತ್ತಿರುವುದು ಬೇರೆ, ಕಿರಿಕಿರಿ ಮಾಡಲೆಂದೇ ಹೋಗುವುದು ಬೇರೆ. ಕ್ರಿಮಿನಲ್ ಅತಿಕ್ರಮಕ್ಕೆ ಎರಡನೆಯದೇ ಇರಬೇಕು.

ತಪ್ಪಿಸಿಕೊಂಡ ಕುರಿಯ ಹಿಂದೆ ಓಡುತ್ತಾ ಸರ್ಕಾರಿ ಫಾರಂನ ಬೇಲಿ ಹಾರಿದ ಕುರುಬನನ್ನು ನೆನೆಸಿಕೊಳ್ಳಿ. ಅವನ ತಲೆಯಲ್ಲಿ ಇರುವುದು ಕುರಿ ಒಂದೇ. ಅವನನ್ನು ಹೊರಗೆ ಹೋಗು ಎಂದು ಹೇಳಬಹುದು, 329ರ ಅಪರಾಧಿ ಎನ್ನುವುದು ಕಷ್ಟ. ಕುರಿಯದ್ದೇ ಬೇರೆ ಕಥೆ. ನಮ್ಮ ರಾಜ್ಯದಲ್ಲಿ ದನಕರುಗಳ ಅತಿಕ್ರಮಕ್ಕೂ ಒಂದು ಕಾಯ್ದೆ ಇದೆ, 1966ರದ್ದು. ಹಿಡಿದ ದನವನ್ನು ದೊಡ್ಡಿಗೆ ಕಟ್ಟಿ ದಂಡ ವಸೂಲು ಮಾಡುವ ಪದ್ಧತಿ ಬಂದಿದ್ದು ಇಂಥ ಕಾಯ್ದೆಗಳಿಂದಲೇ. ದನಕ್ಕೆ ಉದ್ದೇಶ ಏನೆಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಬೋರ್ಡಿಗೆ ಬೆಲೆ ಏನು? ಬೋರ್ಡೇ ಕಾನೂನಲ್ಲ. ಅದು ಸಾಕ್ಷಿ. ‘ನನಗೆ ಗೊತ್ತಿರಲಿಲ್ಲ ಸಾರ್’ ಎಂಬ ಮಾತಿಗೆ ಅದು ಅಡ್ಡ ನಿಲ್ಲುತ್ತದೆ. ಬೋರ್ಡು ಬಿದ್ದುಹೋಗಿದ್ದರೂ, ಗೇಟು, ಬೀಗ, ಕಾವಲುಗಾರನ ಕೂಗು ಅದೇ ಕೆಲಸ ಮಾಡುತ್ತವೆ.

ಗೋಡೆಯೊಳಗೆ ಹೋದರೆ, ಅದೂ ರಾತ್ರಿ ಹೋದರೆ

ಬಯಲಿನಿಂದ ಕಟ್ಟಡದೊಳಗೆ ಕಾಲಿಟ್ಟರೆ ಲೆಕ್ಕ ಒಂದು ಮೆಟ್ಟಿಲು ಏರುತ್ತದೆ. ಇದಕ್ಕೆ ಗೃಹ ಅತಿಕ್ರಮ ಎನ್ನುತ್ತಾರೆ. ಹೆಸರು ಕೇಳಿ ಬರೀ ವಾಸದ ಮನೆ ಎಂದುಕೊಳ್ಳಬೇಡಿ. ಪೂಜಾಸ್ಥಳ, ವಸ್ತುಗಳನ್ನು ಕಾಪಾಡಿ ಇಡುವ ಕಟ್ಟಡ ಕೂಡ ಇದರಲ್ಲಿ ಸೇರುತ್ತದೆ. ಪಡಿತರ ಅಕ್ಕಿ ಇಟ್ಟ ಗೋದಾಮು, ಖಜಾನೆ, ಸ್ಟೋರ್ ರೂಮು ಎಲ್ಲ ಬಂತು. ಶಿಕ್ಷೆ 1 ವರ್ಷದವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕದ್ದುಮುಚ್ಚಿ ಅಡಗಿಕೊಂಡು ಹೋಗುವುದು, ಬೀಗ ಮುರಿದು ಒಳಗೆ ಹೋಗುವುದು ಇನ್ನೂ ಗಂಭೀರ. ಹಗಲಾದರೆ 2 ವರ್ಷದವರೆಗೆ, ಸೂರ್ಯ ಮುಳುಗಿ ಹುಟ್ಟುವುದರೊಳಗೆ ಆದರೆ 3 ವರ್ಷದವರೆಗೆ, ಜೊತೆಗೆ ದಂಡ. ಕದಿಯಲೆಂದೇ ಹಾಗೆ ಮಾಡಿದರೆ ಶಿಕ್ಷೆ ಹಗಲಾದರೆ 10, ರಾತ್ರಿಯಾದರೆ 14 ವರ್ಷದವರೆಗೆ ಹೋಗಬಹುದು. ಅಡಗದೆ, ಬೀಗ ಮುರಿಯದೆ ಕದಿಯಲೆಂದು ಒಳಗೆ ಹೋದರೂ 7 ವರ್ಷದವರೆಗೆ. ನಮ್ಮ ಅಂಗಡಿಯ ಮೊದಲನೆಯವನು ಹೇಳಿದ ಏಳು ವರ್ಷ ಇದು. ಟ್ರಾನ್ಸ್‌ಫಾರ್ಮರ್ ಆಯಿಲು, ತಾಮ್ರದ ತಂತಿ ಕದಿಯಲೆಂದು ಸರ್ಕಾರಿ ಸ್ಟೋರ್ ರೂಮಿಗೆ ನುಗ್ಗುವವರಿಗೆ ಅದು ಅನ್ವಯ. ಹೊರಗೆ ನಿಂತು ರೀಲ್ಸ್ ಮಾಡುವವರಿಗಲ್ಲ.

ರೈಲು ಹಳಿ: ಇಲ್ಲಿ ಉದ್ದೇಶ ಕೇಳುವುದೇ ಇಲ್ಲ

ಇಲ್ಲಿತನಕ ಹೇಳಿದ್ದು ಸಾಮಾನ್ಯ ಕಾನೂನು. ಕೆಲವು ಜಾಗಗಳಿಗೆ ತಮ್ಮದೇ ಕಾಯ್ದೆ ಇದೆ. ಅಲ್ಲಿ ‘ಕೆಟ್ಟ ಉದ್ದೇಶ ಇರಲಿಲ್ಲ’ ಎಂಬ ವಾದ ಅಷ್ಟಾಗಿ ನಡೆಯುವುದಿಲ್ಲ. ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ದಿನವೂ ಎಷ್ಟೋ ಜನ ಗೊತ್ತಿಲ್ಲದೆ ಮುರಿಯುವ ಕಾಯ್ದೆ ಯಾವುದು ಎಂದರೆ, ನನ್ನ ಪ್ರಕಾರ, 1989ರ ರೈಲ್ವೆ ಕಾಯ್ದೆ.

ಅದರ 147ನೇ ಸೆಕ್ಷನ್ ಸರಳ. ಕಾನೂನುಬದ್ಧ ಅಧಿಕಾರ ಇಲ್ಲದೆ ರೈಲ್ವೆ ಜಾಗಕ್ಕೆ ಹೋದರೆ ಸಾಕು. ಸರಿಯಾಗಿ ಹೋಗಿ, ಹೊರಡಿ ಎಂದ ಮೇಲೂ ಹೊರಡದಿದ್ದರೂ ಅಷ್ಟೇ. 6 ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಿಶೇಷ ಕಾರಣ ಬರೆಯದ ಹೊರತು ದಂಡ 500 ರೂಪಾಯಿಗಿಂತ ಕಡಿಮೆ ಆಗುವ ಹಾಗಿಲ್ಲ. ನೀವು ಮಗಳ ಮದುವೆಗೆ ಹೊರಟಿದ್ದೀರೋ, ಹಾಲು ಹಾಕಲು ಹೊರಟಿದ್ದೀರೋ, ಈ ಸೆಕ್ಷನ್ ಕೇಳುವುದಿಲ್ಲ.

ತೋರಣಗಲ್ಲು ಕಡೆ ಅದಿರು ತುಂಬಿದ ಗೂಡ್ಸ್ ಗಾಡಿ ಗಂಟೆಗಟ್ಟಲೆ ನಿಲ್ಲುತ್ತದೆ. ಸುತ್ತಿಕೊಂಡು ಹೋಗಲು ಯಾರಿಗೆ ಪುರುಸೊತ್ತು? ಬಗ್ಗಿ ವ್ಯಾಗನ್ ಕೆಳಗೆ ನುಸುಳಿಬಿಡುತ್ತಾರೆ. ಗಿಣಿಗೇರಾದಿಂದ ಹೊರಟ ಹೊಸ ಮಾರ್ಗ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿಗೆ ಬಂದ ಮೇಲೆ, ತಲೆಮಾರುಗಳಿಂದ ಕಾಲುದಾರಿ ಇದ್ದ ಕಡೆ ಈಗ ಹಳಿ ಇದೆ. ಅಜ್ಜನ ಕಾಲದಿಂದ ನಡೆದ ದಾರಿ ಎನ್ನುವುದು ರೈಲ್ವೆ ಮ್ಯಾಜಿಸ್ಟ್ರೇಟರ ಮುಂದೆ ಸಮಜಾಯಿಷಿ ಆಗುವುದಿಲ್ಲ.

ಲೆವೆಲ್ ಕ್ರಾಸಿಂಗ್ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. ಮುಚ್ಚಿದ ಗೇಟನ್ನು ರೈಲ್ವೆಯವರಲ್ಲದವರು ತೆರೆದರೆ 3 ವರ್ಷದವರೆಗೆ ಜೈಲು. ಗೇಟು ಮುರಿದರೆ 5 ವರ್ಷದವರೆಗೆ. ಬೈಕು ತೂರಿಸಲು ಗೇಟನ್ನು ಚೂರು ಎತ್ತಿ ಹಿಡಿಯುವ ಹುಡುಗರಿಗೆ ಇದು ತಿಳಿದಿರುವುದಿಲ್ಲ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಪರಿಹಾರದ್ದು. ಟಿಕೆಟ್ ಪಡೆದ ಪ್ರಯಾಣಿಕ ರೈಲಿನಿಂದ ಆಕಸ್ಮಿಕವಾಗಿ ಬಿದ್ದರೆ ರೈಲ್ವೆ ಪರಿಹಾರ ಕೊಡಬೇಕು. ಹಳಿ ದಾಟುವಾಗ ರೈಲಿಗೆ ಸಿಕ್ಕವರು ಸಾಮಾನ್ಯವಾಗಿ ಆ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ. ಮನೆಯವರು ವರ್ಷಗಟ್ಟಲೆ ಓಡಾಡಿದ ಮೇಲೆ ಇದು ತಿಳಿಯುತ್ತದೆ.

ಕರಡಿಧಾಮ, ಕೋಟೆ, ಶಾಸನದ ಬಂಡೆ

ಬಳ್ಳಾರಿ ಸೀಮೆಯ ದರೋಜಿ ಕರಡಿಧಾಮ 1994ರಲ್ಲಿ ಘೋಷಣೆಯಾಯಿತು. ಅಭಯಾರಣ್ಯ ಎಂದು ಘೋಷಣೆಯಾದ ಮೇಲೆ 1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಅನ್ವಯ. ಕೆಲಸದ ಮೇಲಿರುವ ನೌಕರರು, ಪರವಾನಗಿ ಇದ್ದವರು, ಒಳಗೆ ಆಸ್ತಿಯ ಹಕ್ಕಿರುವವರು ಮತ್ತು ಅವರ ಅವಲಂಬಿತರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಇಷ್ಟು ಜನಕ್ಕೆ ಬಿಟ್ಟರೆ ಪ್ರವೇಶ ಇಲ್ಲ. ನಿಯಮ ಮುರಿದರೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮಿತಿ ಮೊದಲು 25,000 ಇತ್ತು, 2022ರ ತಿದ್ದುಪಡಿ ಏರಿಸಿತು. ಪ್ರವಾಸಕ್ಕೆ, ಫೋಟೊಗೆ, ಸಂಶೋಧನೆಗೆ ಅನುಮತಿ ಸಿಗುತ್ತದೆ. ವೀಕ್ಷಣಾ ಗೋಪುರಕ್ಕೆ ಟಿಕೆಟ್ ಪಡೆದು ಹೋದವರಿಗೆ ಯಾವ ತೊಂದರೆಯೂ ಇಲ್ಲ. ಟಿಕೆಟ್ ಇದೆ ಎಂದು ಗೋಪುರ ಬಿಟ್ಟು ಬಂಡೆಗಳ ಕಡೆ ಇಳಿಯುವವರಿಗೆ ಕಾನೂನಿಗಿಂತ ಮೊದಲು ಕರಡಿಯೇ ಎದುರಾಗಬಹುದು.

ಸ್ಮಾರಕಗಳ ಲೆಕ್ಕ ಮತ್ತೆ ಬೇರೆ. ಬಳ್ಳಾರಿ ಕೋಟೆ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನ ಅಶೋಕನ ಶಾಸನಗಳು, ಮಸ್ಕಿಯ ಶಾಸನ, ಇಟಗಿಯ ಮಹಾದೇವ ದೇವಸ್ಥಾನ, ಇವೆಲ್ಲ ಕೇಂದ್ರದ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ತೆರೆದಿರುವ ಹೊತ್ತಿನಲ್ಲಿ ಯಾರು ಬೇಕಾದರೂ ಹೋಗಬಹುದು. ಮುಚ್ಚಿದ ಮೇಲೆ ಒಳಗಿದ್ದರೆ ದಂಡ. ಕಲ್ಲಿನ ಮೇಲೆ ಹೆಸರು ಕೆತ್ತಿದರೆ, ಏನನ್ನಾದರೂ ಒಡೆದರೆ, ಕಿತ್ತರೆ, 1958ರ ಕಾಯ್ದೆಯ ಪ್ರಕಾರ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಹಂಪಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲ, 2019ರ ಫೆಬ್ರುವರಿ. ಕಂಬ ಬೀಳಿಸುವ ವಿಡಿಯೊ ಹರಡಿ ನಾಲ್ವರು ಯುವಕರು ಸಿಕ್ಕಿಬಿದ್ದರು. ಹೊಸಪೇಟೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು. ಬೀಳಿಸಿದ ಕಂಬಗಳನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವ ಕೆಲಸವನ್ನೂ ಕೊಟ್ಟಿತು. ಗಮನಿಸಿ, ಅವರು ಅಲ್ಲಿಗೆ ಹೋದದ್ದು ತಪ್ಪಾಗಿರಲಿಲ್ಲ. ಹೋಗಿ ಮಾಡಿದ್ದು ತಪ್ಪಾಯಿತು.

ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ಮಾತನ್ನೂ ಕೇಳಿರುತ್ತೀರಿ. ಅದು ಕಟ್ಟಡ ಕಟ್ಟುವುದಕ್ಕೆ ಸಂಬಂಧಿಸಿದ್ದು. ಅಲ್ಲಿ ನಡೆದಾಡಬಾರದು ಎಂದಲ್ಲ.

‘ನಿಷಿದ್ಧ ಸ್ಥಳ’ ಎಂಬ ದೊಡ್ಡ ಮಾತು

ತುಂಬಾ ಭಾರದ ಶಿಕ್ಷೆ ಇರುವ ಇನ್ನೊಂದು ಕಾಯ್ದೆ ಬ್ರಿಟಿಷರ ಕಾಲದ್ದು: 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಇದು ‘ನಿಷಿದ್ಧ ಸ್ಥಳ’ ಎಂಬುದನ್ನು ವ್ಯಾಖ್ಯಾನಿಸುತ್ತದೆ. ಸೇನೆ, ನೌಕಾಪಡೆ, ವಾಯುಪಡೆಯ ನೆಲೆಗಳು, ಶಸ್ತ್ರಾಗಾರ, ಸೇನೆಯ ಸಂಪರ್ಕ ಕೇಂದ್ರಗಳು ನೇರವಾಗಿ ಅದರೊಳಗೆ ಬರುತ್ತವೆ. ರೈಲು, ರಸ್ತೆ, ನೀರು, ವಿದ್ಯುತ್ತಿನಂಥ ಸಾರ್ವಜನಿಕ ವ್ಯವಸ್ಥೆಗಳನ್ನು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಸೇರಿಸಬಹುದು. ಅಧಿಸೂಚನೆ ಇಲ್ಲದೆ ಬರೀ ‘ನಿಷಿದ್ಧ’ ಎಂದು ಬೋರ್ಡು ಬರೆಸಿದ ಮಾತ್ರಕ್ಕೆ ಪಂಪ್‌ಹೌಸ್ ಈ ಪಟ್ಟಿಗೆ ಸೇರುವುದಿಲ್ಲ.

ದೇಶದ ಸುರಕ್ಷತೆಗೆ, ಹಿತಕ್ಕೆ ಧಕ್ಕೆ ತರುವ ಉದ್ದೇಶದಿಂದ ಅಂಥ ಸ್ಥಳದೊಳಗೆ ಹೋದರೆ ಮಾತ್ರವಲ್ಲ, ಹತ್ತಿರ ಸುಳಿದರೂ, ನಕ್ಷೆ ಬರೆದರೂ ಅಪರಾಧ. ರಕ್ಷಣಾ ಸ್ಥಳಗಳ ವಿಷಯದಲ್ಲಿ ಶಿಕ್ಷೆ 14 ವರ್ಷದವರೆಗೆ, ಉಳಿದವಕ್ಕೆ 3 ವರ್ಷದವರೆಗೆ. ಸುಮ್ಮನೆ ದಾರಿ ತಪ್ಪಿ ಬಂದವರ ಮೇಲೆ ಈ ಸೆಕ್ಷನ್ ನಿಲ್ಲುವುದಿಲ್ಲ. ಆದರೆ ಉದ್ದೇಶವನ್ನು ಅಳೆಯುವ ಕ್ರಮ ಇಲ್ಲಿ ಬೇರೆ. ಇಂಥದ್ದೇ ಕೃತ್ಯ ಮಾಡಿದ ಎಂದು ತೋರಿಸದಿದ್ದರೂ, ಸಂದರ್ಭ ಮತ್ತು ನಡತೆ ನೋಡಿ ಉದ್ದೇಶ ಇತ್ತು ಎಂದು ತೀರ್ಮಾನಿಸಲು ಕಾಯ್ದೆ ಅವಕಾಶ ಕೊಡುತ್ತದೆ. ಮೊಬೈಲಿನಲ್ಲಿ ಏನಿದೆ, ಯಾರಿಗೆ ಕಳಿಸಿದ್ದೀರಿ ಎಂಬುದು ಆಗ ಬಹಳ ಮುಖ್ಯವಾಗುತ್ತದೆ. ಈ ಕಾಯ್ದೆಯಡಿ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಲು ಸರ್ಕಾರದ ಆದೇಶ ಅಥವಾ ಅದು ಅಧಿಕಾರ ಕೊಟ್ಟವರ ದೂರು ಬೇಕು. ಇದೊಂದು ತಡೆ.

ಪೊಲೀಸ್ ಠಾಣೆಯೊಳಗೆ ವಿಡಿಯೊ ಮಾಡಿದರೆ ಈ ಕಾಯ್ದೆ ಹಾಕುತ್ತಾರಂತೆ ಎಂಬ ಭಯ ಎಷ್ಟೋ ಜನಕ್ಕಿದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಇದೇ ಪ್ರಶ್ನೆ ನೋಡಿ, ಪೊಲೀಸ್ ಠಾಣೆ ಈ ಕಾಯ್ದೆ ಹೇಳುವ ನಿಷಿದ್ಧ ಸ್ಥಳ ಅಲ್ಲ ಎಂದಿತು. ನಮ್ಮ ಬಳ್ಳಾರಿಯ ಕಂಟೋನ್ಮೆಂಟ್ ಬಡಾವಣೆ ಕೂಡ ಹೆಸರಿಗಷ್ಟೇ ದಂಡಿನ ಪ್ರದೇಶ. ಬ್ರಿಟಿಷರ ಪಲ್ಟನ್ ಇದ್ದ ಕಾಲದ ನೆನಪು ಅದು. ಅಲ್ಲಿ ತರಕಾರಿ ತರಲು ಯಾರ ಅಪ್ಪಣೆಯೂ ಬೇಡ.

ಕೈ ಮುಂದಾದರೆ ಕೇಸೂ ಮುಂದಾಗುತ್ತದೆ

ಬೇಲಿ ದಾಟಿದ್ದಕ್ಕಿಂತ, ಸಿಕ್ಕಿಬಿದ್ದ ಮೇಲಿನ ಐದು ನಿಮಿಷದಲ್ಲಿ ಆಗುವುದೇ ಎಷ್ಟೋ ಸಲ ದೊಡ್ಡ ಅಪರಾಧವಾಗುತ್ತದೆ.

ಕರ್ತವ್ಯದಲ್ಲಿರುವ ಸರ್ಕಾರಿ ನೌಕರನಿಗೆ ಅಡ್ಡಿ ಮಾಡಿದರೆ 3 ತಿಂಗಳವರೆಗೆ ಜೈಲು ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ. ಅವನನ್ನು ತಳ್ಳಿದರೆ, ಕಾಲರ್ ಹಿಡಿದರೆ ನ್ಯಾಯ ಸಂಹಿತೆಯ 132ನೇ ಸೆಕ್ಷನ್: 2 ವರ್ಷದವರೆಗೆ. ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. 329ರ ಅತಿಕ್ರಮ ಜಾಮೀನು ಸಿಗುವ ಅಪರಾಧ, ಜಾಮೀನು ನಿಮ್ಮ ಹಕ್ಕು. 132 ಜಾಮೀನುರಹಿತ, ಅಂದರೆ ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟಿದ್ದು. ಸಂಜೆಗೆ ಮನೆಗೆ ಬರಬೇಕಾದವನು ಒಂದು ತಳ್ಳಾಟದಿಂದ ಜೈಲು ನೋಡಬೇಕಾಗಬಹುದು.

ಆಸ್ತಿಗೆ ಹಾನಿ ಆದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ ಬರುತ್ತದೆ. ಸಾಮಾನ್ಯ ಸಾರ್ವಜನಿಕ ಆಸ್ತಿಗೆ 5 ವರ್ಷದವರೆಗೆ ಜೈಲು ಮತ್ತು ದಂಡ. ನೀರು, ಬೆಳಕು, ವಿದ್ಯುತ್ ಪೂರೈಕೆಗೆ ಬಳಸುವ ಕಟ್ಟಡ, ಯಂತ್ರ, ಇಲ್ಲವೇ ಗಣಿಗೆ ಹಾನಿ ಮಾಡಿದರೆ ಕನಿಷ್ಠ 6 ತಿಂಗಳ ಕಠಿಣ ಸಜೆ, ಗರಿಷ್ಠ 5 ವರ್ಷ. ಕನಿಷ್ಠಕ್ಕಿಂತ ಕೆಳಗೆ ಇಳಿಸಬೇಕಾದರೆ ನ್ಯಾಯಾಲಯ ಕಾರಣ ಬರೆಯಬೇಕು. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ, ಕುಡತಿನಿಯ ಸ್ಥಾವರ, ಹಟ್ಟಿ ಚಿನ್ನದ ಗಣಿ, ಸಂಡೂರಿನ ದೋಣಿಮಲೈ ಗಣಿ ನೆನೆಸಿಕೊಂಡರೆ, ಈ ಸೆಕ್ಷನ್ ನಮ್ಮ ಸೀಮೆಯನ್ನೇ ನೋಡಿ ಬರೆದ ಹಾಗಿದೆ. ಓಣಿಗೆ ನೀರು ಬಿಡುವ ಪಂಪ್‌ಹೌಸ್ ಕೂಡ ಇದರೊಳಗೇ.

ಅಣೆಕಟ್ಟಿನ ಸುರಕ್ಷತೆಗೆ ಸಂಬಂಧಿಸಿದ ಅಧಿಕಾರಿಗಳ ಕೆಲಸಕ್ಕೆ ಅಡ್ಡಿಪಡಿಸಿದರೆ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ 1 ವರ್ಷದವರೆಗೆ, ಅದರಿಂದ ಜೀವಹಾನಿ ಆದರೆ 2 ವರ್ಷದವರೆಗೆ ಜೈಲು ಆಗಬಹುದು.

ಇನ್ನು ಮುತ್ತಿಗೆ. ಕಾಲುವೆಗೆ ನೀರು ಬಂದಿಲ್ಲ ಎಂದು ನೀರಾವರಿ ಕಚೇರಿಗೆ ನುಗ್ಗುವುದು ರಾಯಚೂರು ಕಡೆ ಹೊಸದೇನಲ್ಲ. ಮನವಿ ಕೊಡಲು ಹೋಗುವುದು ಅಪರಾಧ ಅಲ್ಲ. ಐದು ಅಥವಾ ಹೆಚ್ಚು ಜನ ಸೇರಿ, ಅತಿಕ್ರಮ ಮಾಡುವುದೇ ಅವರೆಲ್ಲರ ಉದ್ದೇಶ ಎಂದಾದರೆ ಅದು ಅಕ್ರಮ ಕೂಟ: 6 ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಆ ಉದ್ದೇಶಕ್ಕಾಗಿ ಗುಂಪಿನಲ್ಲಿ ಒಬ್ಬ ಕಲ್ಲು ಎಸೆದರೂ ಹೊಣೆ ಎಲ್ಲರ ಮೇಲೆ ಬೀಳಬಹುದು.

ಜನ ಈಗಲೂ ‘144 ಹಾಕಿದ್ದಾರೆ’ ಎನ್ನುವ ನಿಷೇಧಾಜ್ಞೆಗೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163ನೇ ನಂಬರು. ಪರೀಕ್ಷಾ ಕೇಂದ್ರದ ಸುತ್ತ, ಗಲಾಟೆ ಇದ್ದ ಕಡೆ ಇಂಥ ಆದೇಶ ಬರುತ್ತದೆ. ನಿನ್ನೆ ಓಡಾಡಿದ ರಸ್ತೆ ಇವತ್ತು ನಿರ್ಬಂಧಿತ. ಮುರಿದರೆ 6 ತಿಂಗಳವರೆಗೆ, ಜನರ ಜೀವಕ್ಕೆ ಅಪಾಯ ಆಗುವಂತಿದ್ದರೆ 1 ವರ್ಷದವರೆಗೆ ಜೈಲು ಆಗಬಹುದು.

ಡ್ರೋನ್ ಮತ್ತು ಒತ್ತುವರಿ

ಕಾಲಿಡದೆ ಕ್ಯಾಮೆರಾ ಹಾರಿಸಿದರೆ? 2021ರ ಡ್ರೋನ್ ನಿಯಮಗಳು ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ಹಂಚಿವೆ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೆ ಹೋಗಬಹುದು. ಮದುವೆ ಶೂಟಿಂಗಿನವರು ಸರ್ಕಾರದ ‘ಡಿಜಿಟಲ್ ಸ್ಕೈ’ ಆನ್‌ಲೈನ್ ನಕ್ಷೆಯಲ್ಲಿ ಬಣ್ಣ ನೋಡಿಕೊಂಡೇ ಡ್ರೋನ್ ಬಿಚ್ಚುವುದು ಒಳ್ಳೆಯದು.

ಗೋಮಾಳದಲ್ಲಿ ಗುಡಿಸಲು ಹಾಕುವುದು, ಕೆರೆ ಅಂಗಳ ಉಳುವುದು ಅತಿಕ್ರಮದ ಇನ್ನೊಂದು ಮುಖ. ನಾವು ಒತ್ತುವರಿ ಎನ್ನುವುದು ಇದನ್ನೇ. ಹೋಗಿ ಬಂದದ್ದಲ್ಲ, ಹೋಗಿ ಉಳಿದದ್ದು. ಅದಕ್ಕೆ ಭೂಕಂದಾಯ ಕಾಯ್ದೆ, ಜೊತೆಗೆ 2011ರ ಕರ್ನಾಟಕ ಭೂಕಬಳಿಕೆ ನಿಷೇಧ ಕಾಯ್ದೆ ಇದೆ. ಎರಡನೆಯದರಲ್ಲಿ ಕನಿಷ್ಠ 1 ವರ್ಷ, ಗರಿಷ್ಠ 3 ವರ್ಷ ಜೈಲು, 25,000 ರೂಪಾಯಿವರೆಗೆ ದಂಡ. ಸಕ್ರಮದ ಅರ್ಜಿ, ತೆರವಿನ ನೋಟಿಸು ಇವೆಲ್ಲ ಸೇರಿ ಅದೇ ಒಂದು ದೊಡ್ಡ ಕಥೆ, ಇನ್ನೊಂದು ಲೇಖನಕ್ಕಿರಲಿ.

ಠಾಣೆಗೆ ಕರೆದಾಗ

ಗೇಟಿನಲ್ಲಿ ನಿಂತ ಖಾಸಗಿ ಏಜೆನ್ಸಿಯ ಕಾವಲುಗಾರ ಪೊಲೀಸ್ ಅಲ್ಲ. ಅವನು ಹೊರಗೆ ಹೋಗಿ ಎನ್ನಬಹುದು, ಪೊಲೀಸರನ್ನು ಕರೆಯಬಹುದು. ಸಾಮಾನ್ಯ ವ್ಯಕ್ತಿ ಇನ್ನೊಬ್ಬನನ್ನು ಬಂಧಿಸಲು ಕಾನೂನು ಬಿಡುವುದು ತನ್ನ ಕಣ್ಣೆದುರು ಜಾಮೀನುರಹಿತ ಅಪರಾಧ ನಡೆದಾಗ. ಆಗಲೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ರೈಲ್ವೆ ರಕ್ಷಣಾ ಪಡೆ, ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರಿಗೆ ಮಾತ್ರ ತಮ್ಮದೇ ಕಾನೂನಿನ ಅಧಿಕಾರ ಇದೆ. ಅವರನ್ನು ವಾಚ್‌ಮನ್ ಎಂದುಕೊಂಡು ವಾದಕ್ಕೆ ಇಳಿಯಬೇಡಿ.

329ರ ಅಪರಾಧಕ್ಕೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಆದರೆ ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನ ಯಾಕೆ ಬೇಕು ಎಂದು ಅವರು ಕಾರಣ ಬರೆಯಬೇಕು. ಬೇಡವಾದರೆ ಹಾಜರಾಗಿ ಎಂದು ನೋಟಿಸು ಕೊಡಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣದಲ್ಲಿ, ಆರೋಪಿ 60 ದಾಟಿದವರು ಅಥವಾ ಅಶಕ್ತರಾಗಿದ್ದರೆ ಡಿವೈಎಸ್ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕು. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ವಕೀಲರ ಫೀಸಿಗೆ ಶಕ್ತಿ ಇಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಇದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕೇಳಿದರೆ ಯಾರಾದರೂ ತೋರಿಸುತ್ತಾರೆ.

ಹದಿನೆಂಟು ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಅವರ ವಿಷಯ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ದೊಡ್ಡವರಿಗೆ ಶಿಕ್ಷೆ ಸಣ್ಣದಾದರೂ ಕೇಸಿನ ನೆರಳು ಉದ್ದ. ಪಾಸ್‌ಪೋರ್ಟಿಗೆ, ಸರ್ಕಾರಿ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಬಂದಾಗ ಬಾಕಿ ಇರುವ ಪ್ರಕರಣವನ್ನು ಹೇಳಬೇಕಾಗುತ್ತದೆ. ಮುಚ್ಚಿಟ್ಟರೆ ಅದೇ ಇನ್ನೊಂದು ತೊಂದರೆ.

ನಮ್ಮ ಓಣಿಯ ಹುಡುಗರಲ್ಲಿ ಇಬ್ಬರಿಗೆ ಹತ್ತೊಂಬತ್ತು, ಒಬ್ಬನಿಗೆ ಹದಿನೇಳು. ಪೊಲೀಸರು ಮೊದಲು ಕೇಳಿದ್ದು ಆ ವಿಡಿಯೊ. ಅದರಲ್ಲಿ ಹಿಂದೆ ನದಿ, ಮುಂದೆ ಮೂವರ ಕುಣಿತ. ಪಂಪ್‌ಹೌಸಿನ ಬಾಗಿಲು ಮುಚ್ಚಿದ್ದು, ಬೀಗ ಹಾಗೇ ಇದ್ದದ್ದು ಕಾಣುತ್ತಿತ್ತು. ಕಾವಲುಗಾರ ಬಂದಾಗ ‘ಸಾರಿ ಅಣ್ಣಾ’ ಎಂದದ್ದೂ ಕೇಳಿಸುತ್ತಿತ್ತು. ಕೇಸು ದಾಖಲಾಗಲಿಲ್ಲ, ಅಪ್ಪಂದಿರು ಮುಚ್ಚಳಿಕೆ ಬರೆದುಕೊಟ್ಟು ಕರೆದುಕೊಂಡು ಬಂದರು. ಅದೇ ವಿಡಿಯೊದಲ್ಲಿ ಒಬ್ಬ ತಮಾಷೆಗೆ ಬೀಗ ಜಗ್ಗಿ ನೋಡಿದ್ದು ಸಿಕ್ಕಿದ್ದರೆ, ಉದ್ದೇಶ ಏನು ಎಂಬ ಪ್ರಶ್ನೆಗೆ ಆ ನಾಲ್ಕು ಸೆಕೆಂಡೇ ಉತ್ತರ ಹೇಳುತ್ತಿತ್ತು.